ಇಡೀ ಗುಳಿಗೆ

ಬೇವೂರಿನ ಸರ್ದಾರಬೀಗೆ ಆಸ್ಪತ್ರೆಯ ತನಕ ನಡೆಯುವ ಶಕ್ತಿ ಇರಲಿಲ್ಲ. ಬಿ.ಪಿ. ನೋಡದೆ ಅಲ್ಲಿ ಯಾರಿಗೂ ಗುಳಿಗೆ ಕೊಡುತ್ತಿರಲಿಲ್ಲ. ಅಂಗಡಿಯಲ್ಲಿ ಕೊಳ್ಳಲು ಪಿಂಚಣಿ ಸಾಲುತ್ತಿರಲಿಲ್ಲ. ಹಾಗಾಗಿ ಪಕ್ಕದ ಮನೆಯ ಹಂಪವ್ವ ಆಸ್ಪತ್ರೆಯಲ್ಲಿ ತನಗೆಂದು ಕೊಟ್ಟ ಬಿ.ಪಿ. ಗುಳಿಗೆಯನ್ನೇ ದಿನಾ ಬೆಳಿಗ್ಗೆ ಅಡಕೊತ್ತಿನಲ್ಲಿ ಎರಡು ಮಾಡಿ, ಅಡಿಕೆ ಹಂಚಿಕೊಂಡಂತೆ ಅವಳಿಗೂ ಅರ್ಧ ಕೊಡುತ್ತಿದ್ದಳು.

ಇವತ್ತು ಹಂಪವ್ವ ಅಂಗೈಯಲ್ಲಿ ಇಡೀ ಗುಳಿಗೆ ಹಿಡಿದುಕೊಂಡು ಬಂದಳು.

"ಅಕ್ಕಾ, ಏಳಬೇ. ನಿನ್ನೆ ನರ್ಸಮ್ಮ, 'ದಿನಾ ಗುಳಿಗಿ ನುಂಗಿದ್ರೂ ನಿನ್ನ ಬಿ.ಪಿ. ಯಾಕ ಇಳೀವಲ್ದು?' ಅಂತ ಕೇಳಿದ್ಲು. 'ಅದನ್ನ ಬಿ.ಪಿ.ಗೇ ಕೇಳ್ರಿ' ಅಂದೆ. ಡಾಕ್ಟರು ದಿನಕ್ಕ ಎರಡು ಬರದ ಕೊಟ್ಟಾರ! ಇನ್ನ ನಿನಗೊಂದು, ನನಗೊಂದು."

ಸರ್ದಾರಬೀ ಕಣ್ಣು ತೆರೆದೇ ಮಲಗಿದ್ದಳು. ದಿನಾ ತಾನಾಗಿ ಮುಂದೆ ಬರುತ್ತಿದ್ದ ಕೈ ಬರಲಿಲ್ಲ.

"ನನ್ನ ಮ್ಯಾಲ ಸಿಟ್ಟೇನಬೇ?" ಎಂದು ನಗುತ್ತಲೇ ಹಂಪವ್ವ ಆ ಕೈ ಎತ್ತಿ ಗುಳಿಗೆ ಇಟ್ಟಳು. ಬಿಟ್ಟ ಕೂಡಲೇ ಕೈ ಹಾಸಿಗೆಯ ಮೇಲೆ ಬಿತ್ತು, ಗುಳಿಗೆ ಮಂಚದ ಕೆಳಗೆ ಉರುಳಿತು. ಏನೋ ಹೇಳಲು ಹೋದ ಸರ್ದಾರಬೀಯ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ದನಿ ಬರಲಿಲ್ಲ.

ಬೆಳಗಾಗುವಷ್ಟರಲ್ಲೇ ಹೋಗಿದ್ದವು: ಬಲಗೈ, ಬಲಗಾಲು, ಮಾತು.