ಟಿಫಿನ್ ಕ್ಯಾರಿಯರ್ ಬೇಟೆ

"ಏ ತಮ್ಮಾ, ಅಳ್ಳಾಡಬ್ಯಾಡ! ಹಂದಿ ಕಿವಿ ಭಾಳ ಸೂಕ್ಷ್ಮ ಇರ್ತಾವ," ಎಂದು ನಿಂಗಪ್ಪನವರು ಹತ್ತನೆಯ ಸಲ ತುಟಿಯ ಮೇಲೆ ಬೆರಳಿಟ್ಟರು. ಕೆಂಪರಾಜನಿಗೆ ರೇಗಿಹೋಯಿತು. ಎಪ್ಪತ್ನಾಲ್ಕನೇ ಇಸವಿಯ ಆ ಚಳಿಯಲ್ಲಿ ಅಮೆರಿಕದ ಡಿಯರ್‌ಬಾರ್ನ್‌ನಿಂದ ನೂರೈವತ್ತು ಮೈಲಿ ಡ್ರೈವ್ ಮಾಡಿ, ದುಡ್ಡು ಕೊಟ್ಟು ಬೇಟೆಯಾಡುವ, ಬೇಲಿ ಹಾಕಿದ ಈ ಫಾರ್ಮಿಗೆ ಬಂದು, ಬೆಳಗಿನಿಂದ ಹಿಮದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಕೆಮ್ಮಿದರೂ ಬೈಗುಳ, ಮೂಗು ಒರೆಸಿದರೂ ಬೈಗುಳ. ಅವನಿಗಿದು ಮೊದಲ ಬೇಟೆ. ನಿಂಗಪ್ಪನವರ ಸ್ಟರ್ಲಿಂಗ್ ಹೈಟ್ಸ್‌ನ ಮನೆಯ ಗೋಡೆಯ ಮೇಲಂತೂ ಕೋರೆಹಲ್ಲಿನ ಹಂದಿಯ ತಲೆಯೇ ಇತ್ತು. ಊಟಕ್ಕೆ ಹೋದವರೆಲ್ಲ, ಅವರು ಮೂರು ದಿನ ಹೆಜ್ಜೆ ಹಿಡಿದು ಅದನ್ನು ಹೊಡೆದ ಕತೆ ಕೇಳಿಯೇ ಕೈ ತೊಳೆಯಬೇಕು.

"ಹಂದಿ ಮನೆ ಹಾಳಾಗ್ಲಿ, ನನಗೆ ಹಸಿವಾಗ್ತಿದೆ!" ಕೆಂಪರಾಜ ಬಂದೂಕು ಪಕ್ಕಕ್ಕಿಟ್ಟು ಸ್ಟೀಲಿನ ಟಿಫಿನ್ ಕ್ಯಾರಿಯರನ್ನು ಬಂಡೆಯ ಮೇಲೆ ಕುಕ್ಕಿದ. ಡಬ್ಬಿಗಳು ಠಣಠಣ ಎಂದವು.

ಪೊದೆ ಅಲುಗಿತು. ದಿನವೂ ಬಕೆಟ್ ಬಡಿದು ಜೋಳ ಸುರಿಯುವ ಫಾರ್ಮಿನ ಆಳೇ ಬಂದನೆಂದುಕೊಂಡು, ಐದು ಹಂದಿಗಳು ಬಾಲ ಅಲ್ಲಾಡಿಸುತ್ತ ಓಡಿ ಬಂದವು. ಕೆಂಪರಾಜನ ಮುಂದೆ ಸಾಲಾಗಿ ನಿಂತು ಡಬ್ಬಿಯನ್ನೇ ನೋಡಿದವು. ದೊಡ್ಡ ಕೋರೆಯದೊಂದು ಅವನ ಬೂಟಿಗೆ ಮೂತಿ ಒರಗಿಸಿತು.

ಕೆಂಪರಾಜ ನಿಧಾನವಾಗಿ ತಿರುಗಿದ. "ಸಾರ್, ನಿಮ್ಮನೆ ಗೋಡೆ ಮೇಲಿದೆಯಲ್ಲ... ಅದೂ ಹೀಗೇ ಬಂತಾ?"

ನಿಂಗಪ್ಪನವರು ಸುತ್ತಮುತ್ತ ನೋಡಿ, ಹನ್ನೊಂದನೆಯ ಸಲ ತುಟಿಯ ಮೇಲೆ ಬೆರಳಿಟ್ಟರು.