ಬಚ್ಚಲಿಗೆ ಸುರಿದ ಕಷಾಯ

ಸಹನಾ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಲೋಟ ಬಗ್ಗಿಸಿದಳು. ಕರ್ರಗಿನ ಕಷಾಯ ಗೊಳಗೊಳ ಎನ್ನುತ್ತ ಕೊಳವೆಗಿಳಿಯಿತು. ಸದ್ದು ಹೊರಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟಳು.

“ಕುಡದಿಯೇನ?” ಬಾಗಿಲಾಚೆ ಅಪ್ಪನ ದನಿ.

“ಕುಡದೆ.”

“ಪೂರಾ?”

“ಲ್ವಾಟಾ ನೆಕ್ಕಿ ತೋರಸ್ಲೇನು?”

ಅಪ್ಪ, ಗೂಳಪ್ಪ, ಮೂವತ್ತು ವರ್ಷ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ಕಾದವನು. ಮಗಳನ್ನೂ ಹಾಗೇ ಕಾಯುತ್ತಿದ್ದ, ಕಣ್ಣು ತಪ್ಪಿಸಿದರೆ ಎಲ್ಲಿ ಸಿಡಿಯುವಳೋ ಎಂಬಂತೆ. ಅಲ್ಲ, ಇಪ್ಪತ್ತಾರು ತುಂಬಿದ, ರೆಸಾರ್ಟಿನಲ್ಲಿ ದುಡಿಯುವ ಹೆಣ್ಣುಮಗಳನ್ನು ಅಮಾವಾಸ್ಯೆ ಬಂತೆಂದರೆ ಸಂಜೆಗೇ ಕಷಾಯ ಕುಡಿಸಿ ಕೋಣೆಗೆ ಅಟ್ಟುವುದೆಂದರೇನು? ಹೊಳೆಗೆ ಕಾಲಿಡುವಂತಿಲ್ಲ. ಶಾಲೆಯ ಮಕ್ಕಳೆಲ್ಲ ಹೊಳೆದಂಡೆಯ ಮೌಳಂಗಿಗೆ ಹೋಗಿ ನೀರಾಟ ಆಡಿ ಬಂದಾಗ ಇವಳೊಬ್ಬಳೇ ಮನೆಯಲ್ಲಿ. ಚಳಿಗಾಲದ ಬೆಳಿಗ್ಗೆ ಮಾಳಿಗೆಯ ಮೇಲೆ ತಾಸುಗಟ್ಟಲೆ ಬಿಸಿಲಿಗೆ ಬಿದ್ದುಕೊಂಡರೆ ಅದಕ್ಕೂ ಬೈಗುಳ. ಯಾಕೆಂದು ಕೇಳಿದರೆ ಒಂದೇ ಉತ್ತರ: “ನಿಮ್ಮವ್ವನ್ನ ಹೊಳಿ ಒಯ್ತು. ನಿನ್ನ ಒಯ್ಯಾಕ ಬಿಡೂದಿಲ್ಲ.”

ಅವ್ವ, ಅನ್ನಪೂರ್ಣಾ, ಹೊಳೆಗೆ ಹೋಗಿ ಇಪ್ಪತ್ತೆರಡು ವರ್ಷ. ಹೆಣ ಸಿಕ್ಕಿರಲಿಲ್ಲ.

ಹೋದ ತಿಂಗಳು ಮೌನೇಶ ಹೆಣ್ಣು ಕೇಳಲು ಬಂದಿದ್ದ. ಹಳಿಯಾಳದವನು, ಅರಣ್ಯ ಇಲಾಖೆಯಲ್ಲಿ ಗಾರ್ಡ್, ಸಹನಾಳಿಗೆ ಜೀವಕ್ಕೆ ಜೀವ. ಗೂಳಪ್ಪ ಚಹಾದ ಕಪ್ಪನ್ನು ನೆಲಕ್ಕೆ ಕುಕ್ಕಿ ಎದ್ದ. “ಇಕಿನ್ನ ಯಾರಿಗೂ ಕೊಡೂದಿಲ್ಲ. ನಡೀರಿ.” ಆವತ್ತು ಸಹನಾಳಿಗೆ ಅಪ್ಪನ ಮೇಲಿದ್ದ ಕೊನೆಯ ಕನಿಕರವೂ ಹೋಯಿತು. ಈ ಮುದುಕ ಇರುವತನಕ ತನಗೆ ಬಾಳಿಲ್ಲ.

ಕಷಾಯದಲ್ಲಿ ನಿದ್ದೆಯ ಮದ್ದಿದೆ ಎಂದು ಅವಳಿಗೆ ಗುಮಾನಿ. ಹಾಗಾಗಿ ಹಿಂದಿನ ಎರಡು ಅಮಾವಾಸ್ಯೆಯಲ್ಲೂ ಚೆಲ್ಲಿದ್ದಳು. ಹಾಳಾದ್ದು, ಚೆಲ್ಲಿದರೂ ಕತ್ತಲಾಗುವಷ್ಟರಲ್ಲಿ ಮೈ ಭಾರವಾಗಿ ನಿದ್ದೆ ಒತ್ತರಿಸಿತ್ತು. ಆದರೆ ಬೆಳಿಗ್ಗೆ ಎದ್ದಾಗ ಕಂಡದ್ದನ್ನು ಮರೆಯುವುದುಂಟೇ? ಹಿತ್ತಲ ಬಾಗಿಲಿಂದ ಒಳಗಿನತನಕ ಚೀಲ ಎಳೆದಂತೆ ಕೆಸರಿನ ಪಟ್ಟೆ. ಅಪ್ಪ ಮೊಣಕಾಲೂರಿ ಫಿನಾಯಿಲ್ ಹಾಕಿ ತಿಕ್ಕುತ್ತಿದ್ದ. ಎರಡೂ ಸಲ ಕಾರ್ಖಾನೆಯ ಕಾಲೊನಿಯಲ್ಲಿ ಒಂದೊಂದು ಆಡು ಕಾಣೆ. ಸಹನಾಳಿಗೆ ಇಡೀ ದಿನ ಒಂದು ತುತ್ತು ಇಳಿದಿರಲಿಲ್ಲ.

ಪಕ್ಕದ ಮನೆಯ ಹೊಳೆವ್ವ ಹಿಂದೊಮ್ಮೆ ಹೇಳಿದ್ದಳು. “ಅಮಾಸಿ ದಿನ ಕೆಲವು ಮಂದಿ ಮೊಸಳಿ ಆಗ್ತಾರವಾ. ರಕ್ತದಾಗ ಬಂದಿರತೈತಿ, ಅವರರೆ ಏನ ಮಾಡ್ಯಾರು?” ಆಗ ಸಹನಾ ಬಿದ್ದು ಬಿದ್ದು ನಕ್ಕಿದ್ದಳು. ಈಗ ನಗು ಬರಲಿಲ್ಲ.

ಮಧ್ಯಾಹ್ನವೇ ಮೌನೇಶನಿಗೆ ಫೋನ್ ಮಾಡಿದ್ದಳು. “ಆಡು ಒಯ್ದ ಮೊಸಳಿ ಇವತ್ತ ಸಂಜಿಮುಂದ ನಮ್ಮ ಮನಿ ಲೈನಿನ ಹಿಂದಿನ ಹೊಳಿದಂಡಿಗೆ ಬರತೈತಿ. ಅದನ್ನ ಹಿಡ್ಯಾಕ ಬಲಿ ತಗೊಂಡ ಬಾ.”

“ನಿನಗ ಹೆಂಗ ಗೊತ್ತು?”

“ಗೊತ್ತೈತಿ. ಬಾ.”

ಅದು ಯಾರೆಂದು ಮಾತ್ರ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಎಷ್ಟಾದರೂ ಹೆತ್ತ ಅಪ್ಪ.

ಗೂಳಪ್ಪ ಈ ಸಲ ಕೋಣೆಯ ಅಗಳಿಯನ್ನೂ ಹೊರಗಿನಿಂದ ಹಾಕಿ, ಬುಟ್ಟಿ ಹಿಡಿದು ಹೊರಟ. ಸಹನಾ ಕಿಟಕಿ ಹಾರಿ, ಅವನ ಹಿಂದೆಯೇ ಹೋಗಿ ದಂಡೆಯ ಗಿಡಗಳ ಮರೆಗೆ ನಿಂತಳು. ನಿದ್ದೆ ಬರದಿರಲೆಂದು ಮೂರು ಕಪ್ ಚಹಾ ಕುಡಿದಿದ್ದಳು. ಕಾರ್ಖಾನೆಯ ಭೋಂಗಾ ಕೂಗಿತು. ಹೊಳೆಯ ಮೇಲೆ ಬೆಳಕು ಕಂದುತ್ತಿತ್ತು. ಪಕ್ಕದ ಪೊದೆಯಲ್ಲಿ ಮೌನೇಶನ, ಜತೆಗೆ ಬಂದಿದ್ದ ಗಾರ್ಡುಗಳ ಖಾಕಿ ಅಂಗಿಗಳು ಒಮ್ಮೆ ಕಂಡು ಮರೆಯಾದವು.

ಅಪ್ಪ ದಂಡೆಯ ಕಲ್ಲಿನ ಮೇಲೆ ಕೂತ. ಬುಟ್ಟಿಯಿಂದ ಕೋಳಿಯ ತುಂಡುಗಳನ್ನು ತೆಗೆದು ಒಂದೊಂದಾಗಿ ನೀರಿಗೆಸೆದ.

“ಅನ್ನಪೂರ್ಣಾ, ಹುಡುಗಿ ಆರಾಮ ಅದಾಳ. ಅಕಿನ್ನ ಕರೀಬ್ಯಾಡ. ಕೈಮುಗಿತೇನಿ, ನನಗ ಅಕಿ ಒಬ್ಬಾಕಿನ ಉಳದಾಳ.”

ನಡುಹೊಳೆಯಲ್ಲಿ ಎರಡು ಕಣ್ಣು ಮೇಲೆದ್ದವು. ಗೂಳಪ್ಪ ಮಿಸುಕಲಿಲ್ಲ. ಸಹನಾಳ ಮೈ ಉರಿಯಿತು. ಅವ್ವನನ್ನು ತಿಂದ ಪ್ರಾಣಿಗೆ ಉಣ್ಣಿಸುತ್ತ ಕೂತಿದ್ದಾನಲ್ಲ! ಈಗ ಇವನೂ ನೀರಿಗಿಳಿಯುತ್ತಾನೆ, ಈಗ ರೂಪ ಬದಲಾಗುತ್ತದೆ, ಈಗ ಎಲ್ಲ ಮುಗಿಯುತ್ತದೆ ಎಂದು ಉಸಿರು ಬಿಗಿಹಿಡಿದಳು.

ಆದರೆ ಅದೇ ದರಿದ್ರ ನಿದ್ದೆ. ಕೈಕಾಲು ಭಾರವಾದವು, ಮೈಯೆಲ್ಲ ತುರಿಸಿತು, ನಿಲ್ಲಲಾಗದೆ ಕೆಸರಿಗೆ ಕುಸಿದಳು. ಮುಖಕ್ಕೆ ನೀರು ತಗುಲಿದರೆ ಎಚ್ಚರವಾದೀತೆಂದು ದಂಡೆಯ ಅಂಚಿಗೆ ತೆವಳಿದಳು. ನೀರು ಎದೆಗೆ ಬಂತು. ಅಬ್ಬಾ, ಎಂಥ ತಂಪು! ಇಷ್ಟು ವರ್ಷ ಈ ಸುಖ ತಪ್ಪಿಸಿದನಲ್ಲ ಪಾಪಿ ಮುದುಕ ಎಂದುಕೊಂಡು ಇನ್ನಷ್ಟು ಒಳಗೆ ಜಾರಿದಳು.

ಸದ್ದಿಗೆ ಗೂಳಪ್ಪ ತಿರುಗಿದ. ಅವಳನ್ನು ಕಂಡು ಬುಟ್ಟಿ ಕೈಬಿಟ್ಟ. “ಕುಡೀಲಿಲ್ಲೇನ... ಕುಡೀಲಿಲ್ಲೇನವಾ?” ಅಪ್ಪ ಅಳುವುದನ್ನು ಸಹನಾ ಎಂದೂ ಕಂಡಿರಲಿಲ್ಲ. ಯಾಕೋ ಸಂಕಟವಾಯಿತು.

“ಹಾಕ್ರೋ ಬಲಿ!” ಮೌನೇಶ ಅರಚಿದ.

ಬಲೆ ಬಂದು ಅವಳ ಮೇಲೇ ಬಿತ್ತು. ಕಣ್ಣು ಕಾಣುವುದಿಲ್ಲವೇ ಇವನಿಗೆ! ಮೌನೇಶ, ನಾನ ಅದೀನೋ ಎನ್ನಲು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಮೌನೇಶ ಎರಡು ಹೆಜ್ಜೆ ಹಿಂದೆ ನೆಗೆದು, ಅವಳ ತಲೆಗೆ ಗುರಿಯಿಟ್ಟು ದೊಣ್ಣೆ ಎತ್ತಿದ.

ಗೂಳಪ್ಪ ಓಡಿಬಂದು ಬಲೆಯ ಮೇಲೆ ಬೋರಲು ಬಿದ್ದ, ಅವಳ ಮುಳ್ಳುಮುಳ್ಳು ಬೆನ್ನನ್ನು ಎರಡೂ ತೋಳಿನಿಂದ ಅವುಚಿಕೊಂಡು, “ಹೊಡೀಬ್ಯಾಡ್ರೋ, ಇಕಿ ನನ್ನ ಸಹನಾ!” ಎಂದು ಚೀರಿದ.