ತುಂಬಿದ ಕೊಳವೆ

ವಿದೇಶದ ಕ್ಯಾನ್ಸರ್ ಆಸ್ಪತ್ರೆಯೊಂದು ಊರಿನಲ್ಲಿ ಮೂವತ್ತು ದಾಟಿದ ಹೆಂಗಸರ ಗರ್ಭಕೊರಳಿನ ತಪಾಸಣೆ ನಡೆಸಿತ್ತು. ಮನೆಯಲ್ಲೇ ಹತ್ತಿ ಸುತ್ತಿದ ಕಡ್ಡಿಯಿಂದ ತಾವೇ ಮಾದರಿ ತೆಗೆದು, ತಮ್ಮ ಹೆಸರು ಬರೆದ ಕೊಳವೆಗೆ ಹಾಕಿ ಕೊಟ್ಟರಾಯಿತು. ಸೊಸೆಗಿನ್ನೂ ಇಪ್ಪತ್ತಾರು; ಆ ಮನೆಯಿಂದ ಪಟ್ಟಿಯಲ್ಲಿದ್ದುದು ಅತ್ತೆಯ ಹೆಸರೊಂದೇ.

ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆ ಜಗುಲಿಗೆ ಬಂದು ದನಿ ತಗ್ಗಿಸಿದಳು.

"ದೊಡ್ಡಮ್ಮ, ನಿಮ್ದು ರಿಪೋರ್ಟು ಸರಿಯಾಗಿ ಬಂದಿಲ್ಲ. ನಾಳೇನೇ ದೊಡ್ಡಾಸ್ಪತ್ರೆಗೆ ಬರ್ಬೇಕಂತೆ."

ಒಳಗೆ ಸೊಸೆಯ ಕೈತುತ್ತು ಮಗುವಿನ ಬಾಯಿಯ ಬಳಿಯೇ ನಿಂತಿತು.

"ನಂದಾ?" ಅತ್ತೆ ನಕ್ಕುಬಿಟ್ಟಳು. "ನಾಚ್ಕೆಗೇಡು ಅಂತ ಆ ಕಡ್ಡೀನ ನಾನು ಮುಟ್ಟೇ ಇಲ್ಲ ಕಣವ್ವ!"

"ನಿಮ್ಮ ಹೆಸ್ರು ಬರ್ದಿದ್ದ ಕೊಳವೇನ ನಾನೇ ಈ ಮನೆಯಿಂದ ತಗೊಂಡೋಗಿದ್ದೀನಿ, ದೊಡ್ಡಮ್ಮ."

ಸೊಸೆ ಮಗುವನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು.

"ಅಕ್ಕಾ, ಖಾಲಿ ಕೊಟ್ರೆ ನೀವು ಬೈತೀರ ಅಂತ ನಂದೇ ಹಾಕ್ಕೊಟ್ಟಿದ್ದೆ."